ಕ್ಲಾಸಿನ ಎದುರು ಪ್ರಾಜೆಕ್ಟ್ ಹೇಳಲು ಗೂಗಲ್ ಸ್ಲೈಡ್ಸ್: ಕಟ್ಟುವುದು ಅದರಲ್ಲಿ, ತೋರಿಸುವುದು ಪಿಡಿಎಫ್‌ನಲ್ಲಿ

ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಹದಿನೈದು ದಿನ ಮೊದಲು ಸ್ವಂತ ಕ್ಲಾಸಿನವರ ಎದುರು ಹತ್ತು ನಿಮಿಷ ನಿಂತು, ನಾವು ಹುಡುಕಿದ್ದು ಇದು, ಸಿಕ್ಕಿದ್ದು ಇಷ್ಟು, ಇಲ್ಲಿ ಬಂದು ನಿಂತಿದ್ದೇವೆ ಎಂದು ಹೇಳುವುದಿದೆಯಲ್ಲ, ಪ್ರಾಜೆಕ್ಟ್ ಗಟ್ಟಿಯಾಗುವುದು ಅಲ್ಲೇ. ಗೈಡ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಪಕ್ಕದ ಬೆಂಚಿನವರು ಕೇಳುತ್ತಾರೆ. ಅಂಕದ ಭಯ ಇಲ್ಲದ್ದರಿಂದ ಉತ್ತರವೂ ಪ್ರಾಮಾಣಿಕವಾಗಿ ಬರುತ್ತದೆ. ಆ ಹತ್ತು ನಿಮಿಷದ ಪಿಪಿಟಿಯನ್ನು, ಅದರಲ್ಲೂ ಕನ್ನಡದಲ್ಲಿ, ಗೂಗಲ್ ಸ್ಲೈಡ್ಸ್‌ನಲ್ಲಿ ಮಾಡಿದರೆ ಎಲ್ಲಿ ಅನುಕೂಲ, ಎಲ್ಲಿ ತೊಡಕು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಾಲ್ಕು ಜನ ಸೇರಿ ಕಟ್ಟಲು, ತಿದ್ದಲು, ತಾಲೀಮು ಮಾಡಲು ಪುಕ್ಕಟೆಯಾಗಿ ಸಿಗುವ ಸಾಧನಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಯುನಿಕೋಡ್ ಕನ್ನಡವನ್ನು ಒತ್ತು, ಅರ್ಕಾವತ್ತು ಸಮೇತ ಸರಿಯಾಗಿ ತೋರಿಸುತ್ತದೆ. ಆದರೆ ಕ್ಲಾಸಿನ ಪ್ರೊಜೆಕ್ಟರ್‌ಗೆ ತಂತಿ ಚುಚ್ಚಿದ ಮೇಲೆ ಇದನ್ನೊಂದೇ ನಂಬಿ ನಿಲ್ಲಬಾರದು. ಅಲ್ಲಿ ಬೇಕಾಗುವುದು ನೆಟ್ ಇಲ್ಲದೆ, ಲಾಗಿನ್ ಇಲ್ಲದೆ, ಫಾಂಟ್ ಕೇಳದೆ ತೆರೆದುಕೊಳ್ಳುವ ಕಡತ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಪೂರ್ತಿ ಆ ಹತ್ತು ನಿಮಿಷದ್ದೇ.

ಉದಾಹರಣೆಗೆ ಎಲ್ಲ ಕಡೆ ಒಂದೇ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಬಿಎಸ್ಸಿ ಕೊನೆಯ ವರ್ಷದ ನಾಲ್ವರು ತಮ್ಮ ತಾಲೂಕಿನ ಹನ್ನೆರಡು ಬೋರ್‌ವೆಲ್‌ಗಳ ನೀರು ತಂದು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು), ಗಡಸುತನ, ಫ್ಲೋರೈಡ್, ನೈಟ್ರೇಟ್ ಅಳೆದಿದ್ದಾರೆ. ಕೋಲಾರ, ತುಮಕೂರು ಕಡೆಯ ಕಾಲೇಜುಗಳಿಗೆ ಇದು ಪರಿಚಿತ ವಿಷಯ.

ಪುಟದ ಅಳತೆ

ಹೊಸ ಕಡತ ತೆರೆದ ಕೂಡಲೇ ಮಾಡಬೇಕಾದ ಕೆಲಸ ಶೀರ್ಷಿಕೆ ಬರೆಯುವುದಲ್ಲ. ಫೈಲ್ ಮೆನುವಿನ ಪೇಜ್ ಸೆಟಪ್ ನೋಡುವುದು. ಸ್ಲೈಡ್ಸ್ ತಾನಾಗಿ ಕೊಡುವುದು 16:9 ಪುಟ, ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ಬಹಳ ಕ್ಲಾಸುಗಳ ಚಾವಣಿಗೆ ನೇತುಹಾಕಿರುವ ಹಳೆಯ ಪ್ರೊಜೆಕ್ಟರ್ 4:3ರದು, 1024×768 ಚುಕ್ಕೆಗಳದು. ಅದರ ಮೇಲೆ 16:9 ಪುಟ ಬಿಟ್ಟರೆ 1024×576ರಷ್ಟು ಮಾತ್ರ ತುಂಬುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಪರದೆಯ ನಾಲ್ಕನೇ ಒಂದು ಭಾಗ ದಂಡವಾಗುತ್ತದೆ. ಹೊಸ ಸ್ಮಾರ್ಟ್ ಬೋರ್ಡ್ ಇರುವ ಕ್ಲಾಸಿನಲ್ಲಿ ಇದರ ತಿರುಗಾಮುರುಗಾ: ಅಲ್ಲಿ 4:3 ಪುಟ ಬಿಟ್ಟರೆ ಅಕ್ಕಪಕ್ಕದ ಜಾಗ ಹೋಗುತ್ತದೆ. ಹಾಗಾಗಿ ಒಂದು ದಿನ ಮೊದಲೇ ಆ ಕೋಣೆಗೆ ಹೋಗಿ ಪರದೆಯ ಆಕಾರ ನೋಡಿಕೊಂಡು ಬನ್ನಿ. ಸ್ಲೈಡ್‌ಗಳೆಲ್ಲ ಮುಗಿದ ಮೇಲೆ ಪುಟದ ಅಳತೆ ಬದಲಿಸಿದರೆ ಪೆಟ್ಟಿಗೆ, ಚಿತ್ರ, ಬಾಣದ ಗುರುತು ಎಲ್ಲ ಜಾಗ ತಪ್ಪಿ, ಮತ್ತೆ ಒಂದೊಂದನ್ನೇ ಎಳೆದು ಕೂರಿಸಬೇಕಾಗುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಗೂಗಲ್ ಸ್ಲೈಡ್ಸ್‌ನ 16:9 ಪುಟದ ಎತ್ತರ 5.625 ಇಂಚು, ಅಂದರೆ 405 ಪಾಯಿಂಟ್. ಪವರ್‌ಪಾಯಿಂಟ್‌ನ 16:9 ಪುಟದ ಎತ್ತರ 7.5 ಇಂಚು, ಅಂದರೆ 540 ಪಾಯಿಂಟ್. ಎರಡೂ ಒಂದೇ ಪರದೆಯನ್ನು ತುಂಬುವುದರಿಂದ, ಸ್ಲೈಡ್ಸ್‌ನ 18 ಪಾಯಿಂಟ್ ಅಕ್ಷರವೂ ಪವರ್‌ಪಾಯಿಂಟ್‌ನ 24 ಪಾಯಿಂಟ್ ಅಕ್ಷರವೂ ಗೋಡೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ‘24ಕ್ಕಿಂತ ಚಿಕ್ಕದು ಬೇಡ’ ಎಂದು ಮೇಷ್ಟ್ರು ಹೇಳುವುದು ಸಾಮಾನ್ಯವಾಗಿ ಪವರ್‌ಪಾಯಿಂಟ್ ಲೆಕ್ಕದಲ್ಲಿ. ಸ್ಲೈಡ್ಸ್‌ನಲ್ಲಿ ಕಟ್ಟುವವರು ಅದನ್ನೇ 18 ಎಂದು ಓದಿಕೊಳ್ಳಬಹುದು. ಆದರೆ ಇಲ್ಲಿ 4:3 ಪುಟ ಆಯ್ದುಕೊಂಡರೆ ಎತ್ತರ ಮತ್ತೆ 7.5 ಇಂಚಾಗುತ್ತದೆ, ಆಗ 24 ಎಂದರೆ 24 ಪಾಯಿಂಟೇ. ಎರಡರ ಲೆಕ್ಕವೂ ಒಂದೇ ಆಗಿರಲಿ ಎನ್ನುವವರು ಪೇಜ್ ಸೆಟಪ್‌ನ ಕಸ್ಟಮ್‌ಗೆ ಹೋಗಿ 13.333 ಮತ್ತು 7.5 ಇಂಚು ಕೊಟ್ಟುಬಿಡಿ. ಗುಂಪಿನಲ್ಲಿ ಒಬ್ಬರು ಪವರ್‌ಪಾಯಿಂಟ್ ಬಳಸುವವರಿದ್ದರೆ ಇದು ತಲೆನೋವು ಉಳಿಸುತ್ತದೆ.

ಕನ್ನಡ ಅಕ್ಷರ

ಸ್ಲೈಡ್ಸ್ ಗೆಲ್ಲುವುದು ಇಲ್ಲಿ. ಫಾಂಟ್ ಪಟ್ಟಿಯ ಮೇಲ್ತುದಿಯ ಮೋರ್ ಫಾಂಟ್ಸ್ ಒತ್ತಿ, ಸ್ಕ್ರಿಪ್ಟ್ಸ್ ಎಂಬಲ್ಲಿ ಕನ್ನಡ ಆಯ್ದರೆ ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಅಕಾಯಾ ಕನ್ನಡಕ ಹೀಗೆ ಸಾಲಾಗಿ ಬರುತ್ತವೆ. ಯಾವುದನ್ನೂ ಇಳಿಸಿಕೊಳ್ಳಬೇಕಿಲ್ಲ, ಕಾಸು ಕೊಡಬೇಕಿಲ್ಲ. ಕ್ಲಾಸಿನ ಕೆಲಸಕ್ಕೆ ನಮ್ಮ ಆಯ್ಕೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಎರಡರಲ್ಲೂ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ, ದೂರದಿಂದ ಓದಲು ಗೆರೆ ಸಮನಾಗಿದೆ. ಬಾಲೂ ತಮ್ಮ ದುಂಡಗೆ, ಮುದ್ದಾಗಿದೆ. ಶೀರ್ಷಿಕೆಗೆ ಚೆನ್ನ, ಐದು ಸಾಲು ಬರೆದರೆ ಭಾರ. ಅಕಾಯಾ ಕನ್ನಡಕ ಆಹ್ವಾನಪತ್ರಿಕೆಗೆ ಇರಲಿ. ಬೆಣ್ಣೆಯ ತೆಳುಗೆರೆ ಬೆಳಕು ಬಿದ್ದ ಕ್ಲಾಸಿನಲ್ಲಿ ಕರಗಿಹೋಗುತ್ತದೆ.

ಫಾಂಟನ್ನು ಪ್ರತಿ ಪೆಟ್ಟಿಗೆಯಲ್ಲೂ ಬದಲಿಸುತ್ತ ಕೂರಬೇಡಿ. ವ್ಯೂ ಮೆನುವಿನ ಥೀಮ್ ಬಿಲ್ಡರ್ ತೆರೆದು, ಎಲ್ಲಕ್ಕಿಂತ ಮೇಲಿನ ಮೂಲ ಸ್ಲೈಡ್‌ನಲ್ಲಿ ಶೀರ್ಷಿಕೆ ಮತ್ತು ಒಳಪಠ್ಯ ಎರಡಕ್ಕೂ ಒಮ್ಮೆ ಫಾಂಟ್ ಕೊಟ್ಟರೆ ಮುಂದಿನ ಸ್ಲೈಡ್‌ಗಳೆಲ್ಲ ಅದನ್ನೇ ಹಿಡಿಯುತ್ತವೆ. ಅಲ್ಲೇ ಸಾಲಿನ ಅಂತರವನ್ನೂ ಸರಿಮಾಡಿ. ಇಂಗ್ಲಿಷಿಗೆ 1.0 ಸಾಕು. ಕನ್ನಡಕ್ಕೆ ಸಾಲದು. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಬಂದು ಕೆಳಗಿನ ಸಾಲಿನಲ್ಲಿ ‘ನೀರಿನ’ ಬಂದರೆ, ಷ ಕೆಳಗೆ ಇಳಿಬಿದ್ದ ಎರಡು ಒತ್ತುಗಳೂ ನೀ ತಲೆಯ ಮೇಲಿನ ಗುಡಿಸೂ ಒಂದಕ್ಕೊಂದು ಮುಟ್ಟಿ ಮಸಿಯ ಮುದ್ದೆಯಂತೆ ಕಾಣುತ್ತವೆ. ಕಸ್ಟಮ್ ಸ್ಪೇಸಿಂಗ್‌ನಲ್ಲಿ 1.3 ಇಡಿ. ಒತ್ತಕ್ಷರ ದಟ್ಟವಾಗಿರುವ ವಿಷಯಗಳಿಗೆ, ಅಂದರೆ ಅರ್ಥಶಾಸ್ತ್ರ, ಸಸ್ಯಶಾಸ್ತ್ರದಂಥವಕ್ಕೆ, 1.4 ಇಟ್ಟರೂ ತಪ್ಪಿಲ್ಲ. ವಾರೆ ಅಕ್ಷರ ಮಾಡುವ ಇಟಾಲಿಕ್ ಗುಂಡಿಯನ್ನು ಕನ್ನಡದ ಮೇಲೆ ಒತ್ತಬೇಡಿ. ಕನ್ನಡ ಫಾಂಟ್‌ಗಳಲ್ಲಿ ಅದಕ್ಕೆಂದು ಬರೆದ ಆಕಾರ ಸಾಮಾನ್ಯವಾಗಿ ಇರುವುದಿಲ್ಲ. ತಂತ್ರಾಂಶ ಇದ್ದದ್ದನ್ನೇ ಒರಗಿಸಿ ತೋರಿಸುತ್ತದೆ. ಒತ್ತು ಕೊಡಬೇಕಾದ ಪದಕ್ಕೆ ದಪ್ಪ ಅಕ್ಷರ ಸಾಕು.

ಟೈಪಿಂಗ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಇರುವ ವರದಿಯಿಂದ ನಕಲು ಮಾಡಿ ಅಂಟಿಸುವುದು. ಅಂಟಿಸಿದ ಕೂಡಲೇ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಕ್ಯೂ ಕಾಣಿಸಿಕೊಳ್ಳುತ್ತವೆ. ಕಡತ ಕೆಟ್ಟಿದೆ ಎಂದು ಗಾಬರಿಯಾಗುವುದು ಬೇಡ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿರುತ್ತದೆ. ಸ್ಲೈಡ್ಸ್‌ನಲ್ಲಿ ಆ ಫಾಂಟ್ ಇಲ್ಲದ್ದರಿಂದ ಒಳಗಿರುವ ಇಂಗ್ಲಿಷ್ ಸಂಕೇತಗಳೇ ಬರುತ್ತವೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ಆಮೇಲೆ ಅಂಟಿಸಿ, ಅಂಟಿಸಿದ್ದನ್ನು ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು ಮತ್ತು ದೀರ್ಘಗಳು ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಹಾರಿರುತ್ತವೆ.

ಎರಡನೆಯದು ನಮ್ಮ ಉದಾಹರಣೆಯ ಶೀರ್ಷಿಕೆಯಲ್ಲೇ ಇದೆ. ‘ಬೋರ್‌ವೆಲ್’ ಎಂದು ಟೈಪಿಸಲು ಹೋದರೆ ‘ಬೋರ್ವೆಲ್’ ಆಗಿಬಿಡುತ್ತದೆ. ರ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ತಡೆಗುರುತು ಬೇಕು, ಅದಿಲ್ಲದಿದ್ದರೆ ರ್ ಮುಂದಿನ ವೆಗೆ ಅರ್ಕಾವತ್ತಾಗಿ ಅಂಟಿಕೊಳ್ಳುತ್ತದೆ. ಸಾಫ್ಟ್‌ವೇರ್, ಗ್ರಾಫ್‌ಗಳು ಇವಕ್ಕೂ ಅದೇ ಕಥೆ. ಫೋನಿನ ಕೀಬೋರ್ಡ್ ಸಲಹೆಯಲ್ಲಿ ಸರಿಯಾದ ರೂಪ ಬಂದರೆ ಅದನ್ನು ಒಮ್ಮೆ ನಕಲು ಮಾಡಿಟ್ಟುಕೊಂಡು ಎಲ್ಲ ಕಡೆ ಅಂಟಿಸುವುದು ಸುಲಭದ ದಾರಿ. ಇಂಥ ಪದ ಹತ್ತು ಕಡೆ ಇದ್ದರೆ ಎಡಿಟ್ ಮೆನುವಿನ ಫೈಂಡ್ ಅಂಡ್ ರಿಪ್ಲೇಸ್ ಒಂದೇ ಏಟಿಗೆ ಬದಲಿಸುತ್ತದೆ.

ಒಂದು ಸ್ಲೈಡ್ ಹತ್ತಿರದಿಂದ

ಹನ್ನೆರಡು ಬೋರ್‌ವೆಲ್, ನಾಲ್ಕು ಅಳತೆ: ಒಟ್ಟು ನಲವತ್ತೆಂಟು ಸಂಖ್ಯೆ. ಈ ಕೋಷ್ಟಕವನ್ನು ವರದಿಯಿಂದ ಎತ್ತಿ ನೇರ ಸ್ಲೈಡಿಗೆ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಬೆಂಚಿಗೆ ಅದು ಇರುವೆ ಸಾಲು. ಕೇಳುವವರಿಗೆ ಬೇಕಾದದ್ದು ಒಂದೇ ಮಾತು: ಯಾವ ಬೋರ್‌ವೆಲ್ ಮಿತಿ ದಾಟಿದೆ. ಹಾಗಾಗಿ ಒಂದು ಅಳತೆಗೆ ಒಂದು ಸ್ಲೈಡ್, ಹನ್ನೆರಡು ಕಂಬ, ಮಿತಿಗೊಂದು ಅಡ್ಡಗೆರೆ.

ಅಡ್ಡಗೆರೆ ಎಳೆಯುವ ಸೌಲಭ್ಯ ಗೂಗಲ್ ಶೀಟ್ಸ್‌ನ ಚಾರ್ಟ್‌ನಲ್ಲಿ ನೇರವಾಗಿ ಇಲ್ಲ, ಆದರೆ ದಾರಿ ಇದೆ. ಮೊದಲ ಕಾಲಮ್‌ನಲ್ಲಿ ಬೋರ್‌ವೆಲ್ ಇರುವ ಊರು, ಎರಡರಲ್ಲಿ ನಿಮ್ಮ ಟಿಡಿಎಸ್ ರೀಡಿಂಗ್, ಮೂರನೆಯದರಲ್ಲಿ ಹನ್ನೆರಡೂ ಸಾಲಿಗೆ 500, ನಾಲ್ಕನೆಯದರಲ್ಲಿ ಹನ್ನೆರಡೂ ಸಾಲಿಗೆ 2000 ತುಂಬಿ. ಚಾರ್ಟ್ ಬಗೆಯಲ್ಲಿ ಕಾಂಬೋ ಆಯ್ದು, ರೀಡಿಂಗ್ ಕಂಬವಾಗಿಯೂ ಉಳಿದೆರಡು ಗೆರೆಯಾಗಿಯೂ ಬರುವಂತೆ ಮಾಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಟಿಡಿಎಸ್‌ಗೆ ಲೀಟರಿಗೆ 500 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದಾಗ 2000ದವರೆಗೆ ಅನುಮತಿ. ಫ್ಲೋರೈಡ್‌ಗೆ ಇದೇ ಜೋಡಿ 1.0 ಮತ್ತು 1.5, ಗಡಸುತನಕ್ಕೆ 200 ಮತ್ತು 600. ನೈಟ್ರೇಟ್‌ಗೆ 45 ಒಂದೇ ಗೆರೆ, ಅಲ್ಲಿ ಸಡಿಲಿಕೆ ಇಲ್ಲ. ಊರುಗಳನ್ನು ಅಕಾರಾದಿಯಲ್ಲಿ ಜೋಡಿಸದೆ ರೀಡಿಂಗ್ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಗೆರೆ ದಾಟಿದವು ಎಷ್ಟು ಎಂಬುದು ಎಣಿಸದೆ ಕಾಣುತ್ತದೆ.

ಆ ಚಾರ್ಟನ್ನು ಸ್ಲೈಡಿಗೆ ತರುವಾಗ ಇನ್ಸರ್ಟ್, ಚಾರ್ಟ್, ಫ್ರಂ ಶೀಟ್ಸ್ ದಾರಿಯಲ್ಲೇ ತನ್ನಿ, ಸ್ಕ್ರೀನ್‌ಶಾಟ್ ಬೇಡ. ಹೀಗೆ ತಂದರೆ ಕೊಂಡಿ ಉಳಿಯುತ್ತದೆ. ಲ್ಯಾಬ್‌ನಲ್ಲಿ ಒಂದು ರೀಡಿಂಗ್ ತಪ್ಪಾಗಿತ್ತೆಂದು ಶೀಟ್‌ನಲ್ಲಿ ತಿದ್ದಿದರೆ ಸ್ಲೈಡ್‌ನ ಚಾರ್ಟ್ ಮೇಲೆ ಅಪ್‌ಡೇಟ್ ಗುಂಡಿ ಬರುತ್ತದೆ. ಅದನ್ನು ಒತ್ತಬೇಕು, ತಾನಾಗಿ ಬದಲಾಗುವುದಿಲ್ಲ. ಹಿಂದಿನ ರಾತ್ರಿ ಶೀಟ್ ತಿದ್ದಿ, ಗುಂಡಿ ಒತ್ತಲು ಮರೆತು, ವರದಿಯಲ್ಲೊಂದು ಸಂಖ್ಯೆ ಪರದೆಯ ಮೇಲೊಂದು ಸಂಖ್ಯೆ ಆಗುವುದು ಹೀಗೆಯೇ. ಟೂಲ್ಸ್ ಮೆನುವಿನ ಲಿಂಕ್ಡ್ ಆಬ್ಜೆಕ್ಟ್ಸ್ ತೆರೆದರೆ ಎಲ್ಲ ಚಾರ್ಟ್‌ಗಳನ್ನೂ ಒಟ್ಟಿಗೆ ಹೊಸದಾಗಿಸಬಹುದು. ಇನ್ನು ಚಾರ್ಟ್ ಒಳಗಿನ ಅಕ್ಷರಕ್ಕೆ ಸ್ಲೈಡಿನ ಫಾಂಟಾಗಲಿ ಗಾತ್ರವಾಗಲಿ ತಾನಾಗಿ ಬರುವುದಿಲ್ಲ. ಅಕ್ಷದ ಹೆಸರು, ಊರಿನ ಹೆಸರು ಇವುಗಳ ಗಾತ್ರವನ್ನು ಶೀಟ್‌ನ ಕಸ್ಟಮೈಸ್ ಭಾಗದಲ್ಲೇ 18ಕ್ಕೆ ಏರಿಸಿ, ಆಮೇಲೆ ತನ್ನಿ. ಸ್ಲೈಡಿನಲ್ಲಿ ಚಾರ್ಟನ್ನು ಕುಗ್ಗಿಸಿದಷ್ಟೂ ಅಕ್ಷರವೂ ಕುಗ್ಗುತ್ತದೆ.

ಬಣ್ಣದ ವಿಷಯ ಚುಟುಕಾಗಿ: ಕ್ಲಾಸಿನ ಕಿಟಕಿಗೆ ಪರದೆ ಇಲ್ಲದಿದ್ದರೆ ಕಪ್ಪು ಹಿನ್ನೆಲೆ ಬೂದಿ ಬಣ್ಣವಾಗುತ್ತದೆ, ಹಳದಿ ಗೆರೆ ಮಾಯವಾಗುತ್ತದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಕಂಬಕ್ಕೆ ಕಡು ನೀಲಿ, ಮಿತಿಗೆರೆಗೆ ಕಿತ್ತಳೆ. ಕೆಂಪು ಹಸಿರು ಜೋಡಿ ಬೇಡ, ಕೆಲವರ ಕಣ್ಣಿಗೆ ಎರಡೂ ಒಂದೇ.

ಸಮೀಕರಣ ಹೆಚ್ಚಿರುವ ಭೌತಶಾಸ್ತ್ರ, ಗಣಿತದವರಿಗೆ ಮಾತ್ರ ಸ್ಲೈಡ್ಸ್ ಕೈಕೊಡುತ್ತದೆ. ಸಮೀಕರಣ ಬರೆಯುವ ಸ್ವಂತ ಸಾಧನ ಇದರಲ್ಲಿಲ್ಲ. ಬೇರೆ ಕಡೆ ಬರೆದು ಚಿತ್ರವಾಗಿ ಅಂಟಿಸಬೇಕು. ಪವರ್‌ಪಾಯಿಂಟ್‌ನಲ್ಲಿ ಆಲ್ಟ್ ಮತ್ತು ಸಮಚಿಹ್ನೆ ಒತ್ತಿದರೆ ಸಾಕು.

ನಾಲ್ವರು ಒಂದೇ ಕಡತದಲ್ಲಿ

ಹಂಚಿಕೆಯಲ್ಲಿ ಮೂರು ಹಕ್ಕುಗಳಿವೆ: ನೋಡುವವರು, ಟಿಪ್ಪಣಿ ಹಾಕುವವರು, ತಿದ್ದುವವರು. ಗುಂಪಿನ ನಾಲ್ವರಿಗೆ ತಿದ್ದುವ ಹಕ್ಕು, ಗೈಡ್ ಮತ್ತು ಮೊದಲೇ ನೋಡಿಕೊಡುವ ಒಬ್ಬಿಬ್ಬರು ಗೆಳೆಯರಿಗೆ ಟಿಪ್ಪಣಿಯ ಹಕ್ಕು ಕೊಡಿ. ಕಾಲೇಜು ಕೊಟ್ಟ ಇಮೇಲ್‌ನಿಂದ ಕಡತ ಮಾಡಿದ್ದರೆ ಒಂದು ಎಚ್ಚರ. ಎಷ್ಟೋ ಕಾಲೇಜುಗಳ ಖಾತೆಯಲ್ಲಿ ಹೊರಗಿನ ವಿಳಾಸಕ್ಕೆ ಹಂಚಲು ತಡೆ ಇರುತ್ತದೆ. ಸ್ವಂತ ಜಿಮೇಲ್‌ನಿಂದ ತೆರೆಯಲು ಹೋದವರಿಗೆ ಅನುಮತಿ ಕೇಳಿ ಎಂಬ ಪುಟ ಬರುತ್ತದೆ. ಎಲ್ಲರೂ ಕಾಲೇಜು ಖಾತೆ ಅಥವಾ ಎಲ್ಲರೂ ಸ್ವಂತ ಖಾತೆ ಎಂದು ಮೊದಲ ದಿನವೇ ತೀರ್ಮಾನಿಸಿ.

ನಾಲ್ಕು ಕೈ ಸೇರಿದ ಮೇಲೆ ಯಾರೋ ಒಬ್ಬರು ಅಳಿಸಬಾರದ್ದನ್ನು ಅಳಿಸುವುದು ಇದ್ದದ್ದೇ. ಫೈಲ್ ಮೆನುವಿನ ವರ್ಷನ್ ಹಿಸ್ಟರಿ ಇದಕ್ಕೆ ಪರಿಹಾರ. ಗೈಡ್ ಒಪ್ಪಿದ ದಿನದ ರೂಪಕ್ಕೆ ‘ಗೈಡ್ ನೋಡಿದ್ದು’ ಎಂದು ಹೆಸರು ಕೊಟ್ಟಿಟ್ಟರೆ ಎಷ್ಟು ಗೊಂದಲವಾದರೂ ಅಲ್ಲಿಗೆ ಮರಳಬಹುದು. ಪೆನ್‌ಡ್ರೈವ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಓಡಾಡುವ ಪಿಪಿಟಿಗಳ ಕಾಟ ಇದೊಂದರಿಂದಲೇ ತಪ್ಪುತ್ತದೆ. ಈ ಒಂದು ಗುಣಕ್ಕೇ ಸ್ಲೈಡ್ಸ್ ಆಯ್ದುಕೊಳ್ಳಬಹುದು ಎಂದು ನಮ್ಮ ಅನಿಸಿಕೆ.

ಕ್ಷೇತ್ರಕಾರ್ಯದ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಪರದೆಯ ಮೇಲೆ ಮೀಟರಿನ ಅಂಕಿ ಮಸುಕಾಗುವುದು ಅದರಿಂದ. ಡಾಕ್ಯುಮೆಂಟ್ ಎಂದು ಕಳಿಸಿ, ಅಥವಾ ಫೋನಿನಿಂದ ನೇರ ಡ್ರೈವ್‌ಗೆ ಏರಿಸಿ. ಪುಕ್ಕಟೆ ಖಾತೆಯ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿರುತ್ತವೆ ಎಂಬುದು ನೆನಪಿರಲಿ. ವಿಡಿಯೊ ಹಾಕುವವರಿಗೆ: ಕಂಪ್ಯೂಟರಿನಿಂದ ನೇರ ಸೇರಿಸಲು ಬರುವುದಿಲ್ಲ, ಡ್ರೈವ್‌ಗೆ ಏರಿಸಿ ಅಲ್ಲಿಂದ ತರಬೇಕು. ಯೂಟ್ಯೂಬ್‌ನದಾದರೆ ತೋರಿಸುವ ಹೊತ್ತಿಗೆ ನೆಟ್ ಬೇಕೇ ಬೇಕು. ಹತ್ತು ನಿಮಿಷದ ಮಾತಿಗೆ ವಿಡಿಯೊಗಿಂತ ಎರಡು ಒಳ್ಳೆಯ ಫೋಟೋ ಮೇಲು.

ತಾಲೀಮು ಮತ್ತು ಪ್ರೆಸೆಂಟರ್ ವ್ಯೂ

ಹತ್ತು ನಿಮಿಷ ಎಂದರೆ ಏಳು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಏಳು ಸ್ಲೈಡ್ ಸಾಕು: ನಮ್ಮ ಪ್ರಶ್ನೆ ಏನು, ಮಾದರಿ ತಂದ ಜಾಗಗಳ ನಕ್ಷೆ, ಅಳೆದ ಬಗೆಯ ಫೋಟೋ, ಮುಖ್ಯ ಫಲಿತಾಂಶಕ್ಕೆ ಎರಡು ಚಾರ್ಟ್, ನಮಗೇ ಅನುಮಾನ ಇರುವ ರೀಡಿಂಗ್, ಕೊನೆಯಲ್ಲಿ ಕ್ಲಾಸಿನವರಿಂದ ನಮಗೆ ಬೇಕಾದ ಎರಡು ಉತ್ತರ. ‘ಥ್ಯಾಂಕ್ ಯೂ’ ಸ್ಲೈಡ್ ಬೇಡ. ಚರ್ಚೆ ನಡೆಯುವಷ್ಟು ಹೊತ್ತೂ ಪರದೆಯ ಮೇಲೆ ಇರುವುದು ಕೊನೆಯ ಸ್ಲೈಡ್, ಅಲ್ಲಿ ಆ ಎರಡು ಪ್ರಶ್ನೆಗಳೇ ನಿಂತಿರಲಿ. ನಲವತ್ತೆಂಟು ಸಂಖ್ಯೆಯ ಕೋಷ್ಟಕವನ್ನು ಎಂಟನೆಯದಾಗಿ ಅದರ ಹಿಂದೆ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಸ್ಲೈಡ್‌ಶೋ ನಡೆಯುತ್ತಿರುವಾಗಲೇ 8 ಒತ್ತಿ ಎಂಟರ್ ಹೊಡೆದರೆ ನೇರ ಅಲ್ಲಿಗೆ ಹೋಗುತ್ತದೆ.

ಮೀಟರಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕರಗಿದ ಲವಣವನ್ನು ತೂಗುವುದಿಲ್ಲ. ನೀರಿನ ವಿದ್ಯುತ್ ವಾಹಕತೆ ಅಳೆದು, ಅದನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ನಿಮ್ಮ ಮೀಟರ್ ಯಾವ ಗುಣಕ ಬಳಸುತ್ತದೆ, ಯಾವ ದ್ರಾವಣದಲ್ಲಿ ಸರಿಪಡಿಸಿಕೊಂಡಿರಿ ಎಂಬ ಎರಡು ಸಾಲು ಸ್ಪೀಕರ್ ನೋಟ್ಸ್‌ನಲ್ಲಿರಲಿ. ನೋಟ್ಸ್ ಎಂದರೆ ಭಾಷಣ ಬರೆದಿಡುವುದಲ್ಲ. ಪ್ರತಿ ಸ್ಲೈಡಿಗೆ ಮೊದಲ ವಾಕ್ಯ, ಮರೆಯಬಾರದ ಒಂದು ಸಂಖ್ಯೆ, ಮುಂದಿನ ಸ್ಲೈಡಿಗೆ ಹೋಗುವ ಮಾತು, ಇಷ್ಟೇ. ಪೂರ್ತಿ ವಾಕ್ಯಗಳಿದ್ದರೆ ಕಣ್ಣು ಅಲ್ಲೇ ನೆಡುತ್ತದೆ, ದನಿ ಪಾಠ ಒಪ್ಪಿಸುವಂತಾಗುತ್ತದೆ.

ಪ್ರೆಸೆಂಟರ್ ವ್ಯೂ ಬೇರೆ ಕಿಟಕಿಯಲ್ಲಿ ತೆರೆದು ನೋಟ್ಸ್, ಮುಂದಿನ ಸ್ಲೈಡ್, ಗಡಿಯಾರ ತೋರಿಸುತ್ತದೆ. ತಾಲೀಮಿಗೆ ಆ ಗಡಿಯಾರ ಬಹಳ ಉಪಯೋಗಿ. ಪ್ರತಿ ಸ್ಲೈಡ್ ಬದಲಾದಾಗ ಅದರಲ್ಲಿ ಎಷ್ಟಿತ್ತೆಂದು ಒಬ್ಬರು ಬರೆದುಕೊಂಡರೆ ಎಲ್ಲಿ ಎಳೆಯುತ್ತಿದ್ದೀರಿ ಎಂಬುದು ಎರಡೇ ಸುತ್ತಿನಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎಳೆಯುವುದು ವಿಧಾನದ ಸ್ಲೈಡ್. ಕ್ಲಾಸಿನಲ್ಲಿ ಬಳಸುವಾಗ ವಿಂಡೋಸ್ ಗುಂಡಿ ಮತ್ತು ಪಿ ಒತ್ತಿ ಎಕ್ಸ್‌ಟೆಂಡ್ ಆಯ್ದುಕೊಳ್ಳಬೇಕು. ಡುಪ್ಲಿಕೇಟ್‌ನಲ್ಲಿದ್ದರೆ ನಿಮ್ಮ ನೋಟ್ಸ್ ಇಡೀ ಕ್ಲಾಸಿಗೆ ಕಾಣುತ್ತದೆ. ಎಕ್ಸ್‌ಟೆಂಡ್ ಆದ ಮೇಲೂ ಸ್ಲೈಡ್‌ಶೋ ಲ್ಯಾಪ್‌ಟಾಪಿನಲ್ಲೇ ತೆರೆದುಕೊಂಡರೆ ಆ ಕಿಟಕಿಯನ್ನು ಪ್ರೊಜೆಕ್ಟರ್ ಕಡೆಗೆ ಎಳೆದು ಪೂರ್ತಿ ಪರದೆ ಮಾಡಬೇಕು. ಬ್ರೌಸರ್ ಪಾಪ್‌ಅಪ್ ತಡೆದಿದ್ದರೆ ಪ್ರೆಸೆಂಟರ್ ವ್ಯೂ ತೆರೆಯುವುದೇ ಇಲ್ಲ. ವಿಳಾಸಪಟ್ಟಿಯ ತುದಿಯ ಚಿಹ್ನೆ ಒತ್ತಿ ಅನುಮತಿ ಕೊಡಿ. ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ ಒತ್ತಿದರೆ ಮೌಸ್ ತುದಿಯಲ್ಲಿ ಕೆಂಪು ಚುಕ್ಕೆ ಬರುತ್ತದೆ. ಚಾರ್ಟ್ ಬಿಟ್ಟು ಮುಖ ನೋಡಿ ಮಾತಾಡಬೇಕಾದಾಗ ಬಿ ಬಹಳ ಸಹಾಯ.

ಪ್ರೆಸೆಂಟರ್ ವ್ಯೂನ ಆಡಿಯೆನ್ಸ್ ಟೂಲ್ಸ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅದನ್ನು ಶುರುಮಾಡಿದರೆ ಸ್ಲೈಡಿನ ಮೇಲ್ತುದಿಯಲ್ಲಿ ಒಂದು ವಿಳಾಸ ಕಾಣುತ್ತದೆ. ಕೂತವರು ಫೋನಿನಲ್ಲಿ ಅದನ್ನು ತೆರೆದು ಪ್ರಶ್ನೆ ಬರೆಯಬಹುದು, ಹೆಸರಿಲ್ಲದೆಯೂ ಬರೆಯಬಹುದು, ಬೇರೆಯವರ ಪ್ರಶ್ನೆಗೆ ಮತ ಹಾಕಬಹುದು. ಅರವತ್ತು ಜನರ ಕ್ಲಾಸಿನಲ್ಲಿ ಕೈ ಎತ್ತುವವರು ಯಾವಾಗಲೂ ಅದೇ ನಾಲ್ಕು ಜನ. ಉಳಿದವರ ಪ್ರಶ್ನೆ ಹೊರಬರಲು ಇದು ನಿಜವಾದ ದಾರಿ, ಕನ್ನಡದಲ್ಲೇ ಬರೆಯಬಹುದು, ಆಮೇಲೆ ಟೂಲ್ಸ್ ಮೆನುವಿನಲ್ಲಿ ಎಲ್ಲ ಪ್ರಶ್ನೆಗಳೂ ಉಳಿದಿರುತ್ತವೆ. ತೊಡಕೆಂದರೆ ಆ ವಿಳಾಸದ ಪಟ್ಟಿ ಸ್ಲೈಡಿನ ಜಾಗ ತಿನ್ನುತ್ತದೆ, ಎರಡೂ ಕಡೆ ನೆಟ್ ಬೇಕು. ಏಳು ನಿಮಿಷ ಮಾತು ಮುಗಿಸಿ, ಪ್ರಶ್ನೆಯ ಹೊತ್ತಿಗೆ ಮಾತ್ರ ಇದನ್ನು ತೆರೆಯಿರಿ. ವಿಳಾಸವನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಟೈಪಿಸುವ ಕಷ್ಟ ತಪ್ಪುತ್ತದೆ.

ಕ್ಲಾಸಿನ ಸಿಸ್ಟಂನಲ್ಲಿ

ಕಳೆದ ಒಂದು ಅಂಕದ ಲೆಕ್ಕ ಇಲ್ಲಿದೆ. ಮೊದಲನೆಯದು ಲಾಗಿನ್. ಎಲ್ಲರೂ ಬಳಸುವ ಸಿಸ್ಟಂನಲ್ಲಿ ನಿಮ್ಮ ಖಾತೆ ತೆರೆಯುವುದು ಸರಿಯಲ್ಲ. ಹೊಸ ಸಾಧನ ಎಂದು ಗೂಗಲ್ ಫೋನಿಗೆ ದೃಢೀಕರಣ ಕಳಿಸುತ್ತದೆ, ಫೋನಿಗೆ ಸಿಗ್ನಲ್ ಇಲ್ಲದ ಕೋಣೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ನೆಟ್. ಆಫ್‌ಲೈನ್ ಸೌಲಭ್ಯ ಇದೆ, ಆದರೆ ಅದು ನಿಮ್ಮ ಲ್ಯಾಪ್‌ಟಾಪಿನ ಕ್ರೋಮ್ ಅಥವಾ ಎಡ್ಜ್‌ನಲ್ಲಿ, ಗೂಗಲ್ ಡಾಕ್ಸ್ ಆಫ್‌ಲೈನ್ ಎಂಬ ವಿಸ್ತರಣೆ ಹಾಕಿ, ನೆಟ್ ಇರುವಾಗಲೇ ಆ ಕಡತಕ್ಕೆ ಅನುಮತಿ ಕೊಟ್ಟಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನೆಟ್ ಹೋದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಮೂರನೆಯದು, ಮತ್ತು ಕನ್ನಡದವರಿಗೆ ಎಲ್ಲಕ್ಕಿಂತ ದೊಡ್ಡದು, ಪಿಪಿಟಿಎಕ್ಸ್ (ಪವರ್‌ಪಾಯಿಂಟ್ ಕಡತ) ಆಗಿ ಇಳಿಸಿಕೊಂಡು ಹೋಗುವುದು. ಸ್ಲೈಡ್ಸ್‌ನಿಂದ ಇಳಿಸಿದ ಪಿಪಿಟಿಎಕ್ಸ್‌ನೊಳಗೆ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟೂ ಸೇರಿರುತ್ತದೆ, ಆದರೆ ಎಲ್ಲ ತಂತ್ರಾಂಶವೂ ಅದನ್ನು ಓದುತ್ತದೆ ಎನ್ನುವಂತಿಲ್ಲ. ಕ್ಲಾಸಿನ ಸಿಸ್ಟಂ ಅದನ್ನು ಓದದೆ ಹೋಗಿ, ಅಲ್ಲಿ ಆ ಫಾಂಟೂ ಇಲ್ಲದಿದ್ದರೆ, ವಿಂಡೋಸ್ ತನ್ನ ಬಳಿ ಇರುವ ನಿರ್ಮಲಾ ಯುಐ ಹಾಕುತ್ತದೆ. ವಿಂಡೋಸ್ 7ರಂಥ ಹಳೆಯ ಸಿಸ್ಟಂ ಆದರೆ ತುಂಗಾ. ಅಕ್ಷರ ಓದಲು ಬರುತ್ತದೆ, ಆದರೆ ಪ್ರತಿ ಪದದ ಅಗಲ ಬೇರೆ. ಎರಡು ಸಾಲಿನ ಶೀರ್ಷಿಕೆ ಮೂರಾಗಿ ಚಾರ್ಟ್ ಮೇಲೆ ಕೂರುತ್ತದೆ. ‘ಸ್ವೀಕಾರಾರ್ಹ ಮಿತಿ’ ಎಂದು ಗೆರೆಯ ಪಕ್ಕ ಜೋಡಿಸಿದ ಪದ ಮುರಿದು ಕಂಬದ ಹಿಂದೆ ಹೋಗುತ್ತದೆ. ಕನ್ನಡದ ಪದಗಳು ಉದ್ದ, ಸಾಲಿನ ಕೊನೆಯಲ್ಲಿ ಅಡ್ಡಗೀಟು ಹಾಕಿ ಒಡೆಯುವ ಏರ್ಪಾಟೂ ಇಲ್ಲ. ಹಾಗಾಗಿ ಇಂಗ್ಲಿಷ್ ಪಿಪಿಟಿಗಿಂತ ಕನ್ನಡದ್ದು ಬೇಗ ಕದಡುತ್ತದೆ. ಪವರ್‌ಪಾಯಿಂಟ್‌ನಲ್ಲೇ ಕಟ್ಟುವವರು ಫಾಂಟ್ ಸೇರಿಸಲು ತಾವೇ ಹೇಳಬೇಕು: ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಹಾಕಬಹುದು. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೂ ಫೈಲ್, ಪ್ರಾಪರ್ಟೀಸ್, ಫಾಂಟ್ ಎಂಬಲ್ಲಿ ಇದೇ ಸೌಲಭ್ಯ ಇದೆ.  ಇಷ್ಟು ಚೆಂದದ ಕನ್ನಡ ಫಾಂಟ್‌ಗಳು ಹೊರಗೆ ಹೋದ ಮೇಲೆ ಎಲ್ಲ ಕಡೆ ಹಾಗೇ ಕಾಣುತ್ತವೆ ಎಂಬ ಭರವಸೆ ಇಲ್ಲದಿರುವುದು ನಮಗೆ ಬೇಸರದ ಸಂಗತಿ.

ಪಿಡಿಎಫ್‌ನಲ್ಲಿ ಈ ಯಾವ ಕಾಟವೂ ಇಲ್ಲ, ಫಾಂಟ್ ಒಳಗೇ ಇರುತ್ತದೆ. ಫೈಲ್, ಡೌನ್‌ಲೋಡ್, ಪಿಡಿಎಫ್, ಮುಗಿಯಿತು. ಆದರೆ ಅನಿಮೇಷನ್ ಹಾಕಿದ್ದರೆ ಒಂದರ ಮೇಲೊಂದು ಬರಬೇಕಾದವು ಒಂದೇ ಪುಟದಲ್ಲಿ ಒಟ್ಟಿಗೆ ಬಿದ್ದಿರುತ್ತವೆ. ಹಂತಹಂತವಾಗಿ ತೋರಿಸಬೇಕಾದ ಸ್ಲೈಡನ್ನು ನಕಲು ಮಾಡಿ ಎರಡು ಮೂರು ಸ್ಲೈಡ್ ಮಾಡಿ: ಮೊದಲನೆಯದರಲ್ಲಿ ಬರೀ ಕಂಬ, ಎರಡನೆಯದರಲ್ಲಿ ಮಿತಿಗೆರೆ ಸೇರಿ. ಪುಟ ತಿರುವಿದಾಗ ಅನಿಮೇಷನ್‌ನಂತೆಯೇ ಕಾಣುತ್ತದೆ. ಇದರಿಂದ ಪುಟದ ಸಂಖ್ಯೆ ಬದಲಾಗುತ್ತದೆ, ಕೋಷ್ಟಕ ಈಗ ಎಷ್ಟನೆಯದೆಂದು ಗುರುತು ಹಾಕಿಕೊಳ್ಳಿ. ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಪೂರ್ತಿ ಪರದೆ. ಕ್ರೋಮ್‌ನಲ್ಲಿ ತೆರೆದಿದ್ದರೆ ಬಲತುದಿಯ ಮೂರು ಚುಕ್ಕೆಯಲ್ಲಿ ಪ್ರೆಸೆಂಟ್ ಇದೆ. ಕೈಯಲ್ಲಿ ಹಿಡಿಯುವ ಕ್ಲಿಕ್ಕರ್ ಕಳಿಸುವುದು ಪೇಜ್‌ಅಪ್, ಪೇಜ್‌ಡೌನ್ ಆದ್ದರಿಂದ ಇಲ್ಲೂ ನಡೆಯುತ್ತದೆ. ನೋಟ್ಸ್ ಬೇಕಾದವರು ಪ್ರಿಂಟ್ ಪ್ರಿವ್ಯೂಗೆ ಹೋಗಿ ಒಂದು ಸ್ಲೈಡ್, ನೋಟ್ಸ್ ಸಹಿತ ಎಂಬುದನ್ನು ಆಯ್ದು ಕಾಗದದಲ್ಲಿ ತೆಗೆದುಕೊಳ್ಳಿ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ಪೆನ್‌ಡ್ರೈವ್‌ನಲ್ಲಿ ಪಿಡಿಎಫ್, ಅದೇ ಪಿಡಿಎಫ್ ಇಮೇಲ್‌ನಲ್ಲೂ ಫೋನಿನಲ್ಲೂ, ಸ್ವಂತ ಲ್ಯಾಪ್‌ಟಾಪ್ ಒಯ್ಯುವುದಾದರೆ ವಿಜಿಎ ಮತ್ತು ಎಚ್‌ಡಿಎಂಐ ಎರಡಕ್ಕೂ ಅಡಾಪ್ಟರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಜಿಎ ತೂತು ಇರುವುದಿಲ್ಲ, ಕ್ಲಾಸಿನ ಗೋಡೆಯಲ್ಲಿ ಹಲವು ಕಡೆ ಇನ್ನೂ ಅದೇ ಇದೆ. ಹಿಂದಿನ ದಿನವೇ ಆ ಕೋಣೆಯ ಸಿಸ್ಟಂನಲ್ಲಿ ಪಿಡಿಎಫ್ ತೆರೆದು, ಒಬ್ಬರು ಕೊನೆಯ ಬೆಂಚಿನಲ್ಲಿ ಕೂತು ಚಾರ್ಟ್‌ನ ಊರಿನ ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಒಂದು ಹೆಸರಿನಲ್ಲಿ ತಡವರಿಸಿದರೂ ಶೀಟ್‌ಗೆ ಹಿಂತಿರುಗಿ ಗಾತ್ರ ಏರಿಸಿ, ಸ್ಲೈಡಿನಲ್ಲಿ ಅಪ್‌ಡೇಟ್ ಒತ್ತಿ, ಹೊಸ ಪಿಡಿಎಫ್ ಇಳಿಸಿಕೊಳ್ಳಿ.